ಅಂಕಿತವಿಲ್ಲದ ಹಾಡು

ಊರು ಬಿಟ್ಟು ಹೋಗುವವರನ್ನು ಕುರಿತ ಹಾಡುಗಳು ಲೋಕದ ಭಾಷೆಗಳಲ್ಲೆಲ್ಲ ಹೇರಳವಾಗಿವೆ. ಹೋದವನು ಮರಳಿ ಬಂದಾಗ ಹಾಡುವ ಹಾಡುಗಳು ಮಾತ್ರ ಅಷ್ಟಾಗಿ ಕಾಣವು. ನಮ್ಮ ಜನಪದ ಗೀತೆಗಳಲ್ಲಿ ಮರಳಿ ಬರುವ ಭಾಗ್ಯವೇನಿದ್ದರೂ ಹೆಣ್ಣುಮಗಳದು. ಆಕೆ ತವರಿಗೆ ಬರುತ್ತಾಳೆ, ತಾಯಿ ಹೊಸ್ತಿಲಿಗೆ ಬಂದು ನಿಲ್ಲುತ್ತಾಳೆ, ಅಣ್ಣ ಗಾಡಿಯ ಎತ್ತು ಬಿಚ್ಚುತ್ತಾನೆ. ಗಂಡುಮಗನೊಬ್ಬ ಪಟ್ಟಣಕ್ಕೆ ಹೋಗಿ ಓದಿ, ಹತ್ತು ವರ್ಷದ ಮೇಲೆ ತಾನು ಕಲಿತ ಶಾಲೆಗೇ ಮೇಷ್ಟರಾಗಿ ಬಂದರೆ ಆತನನ್ನು ಯಾವ ಹಾಡಿನಿಂದ ಎದುರುಗೊಳ್ಳಬೇಕೆಂಬುದನ್ನು ನಮ್ಮ ಗರತಿಯರು ಹೇಳಿಕೊಟ್ಟಂತಿಲ್ಲ. ಆ ಬಗೆಯ ಹಾಡೊಂದು ಅಮೆರಿಕ ದೇಶದಲ್ಲಿ ಹುಟ್ಟಿತು; ಅದೂ ಎಲ್ಲಿ ಎಂದರೆ, ದೂರದರ್ಶನದ ಒಂದು ಹಾಸ್ಯ ಧಾರಾವಾಹಿಯ ಬಾಗಿಲಲ್ಲಿ.

ಧಾರಾವಾಹಿಯ ಹೆಸರು ‘ವೆಲ್‌ಕಮ್ ಬ್ಯಾಕ್, ಕಾಟರ್’. ಎ.ಬಿ.ಸಿ. ಎಂಬ ವಾಹಿನಿಯಲ್ಲಿ ೧೯೭೫ರಿಂದ ೧೯೭೯ರವರೆಗೆ ಅದು ಪ್ರಸಾರವಾಯಿತು. ಅದರ ಶೀರ್ಷಿಕೆ ಗೀತೆಯ ಹೆಸರು ‘ವೆಲ್‌ಕಮ್ ಬ್ಯಾಕ್’ ಎಂದಷ್ಟೆ. ಬರೆದು, ರಾಗ ಹಾಕಿ, ಹಾಡಿದಾತ ಜಾನ್ ಸೆಬಾಸ್ಟಿಯನ್. ವಾರಕ್ಕೊಮ್ಮೆ ಒಂದು ನಿಮಿಷಕ್ಕಿಂತ ಕಡಮೆ ಹೊತ್ತು ಕೇಳಿ ಮರೆಯಬೇಕಾಗಿದ್ದ ಆ ಹಾಡು ೧೯೭೬ರ ಮೇ ತಿಂಗಳಿನಲ್ಲಿ ‘ಬಿಲ್‌ಬೋರ್ಡ್’ ಪತ್ರಿಕೆಯ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಹೀಗೇಕಾಯಿತು ಎಂಬ ಪ್ರಶ್ನೆ ಸಂಗೀತಗಾರರದು ಎನಿಸಬಹುದು. ಪ್ರಾಸವನ್ನೂ ಅಂಕಿತವನ್ನೂ ಪಾಠ ಹೇಳಿ ಹೊಟ್ಟೆ ಹೊರೆಯುವ ನನ್ನಂಥವನಿಗೂ ಅದರಲ್ಲಿ ಸ್ವಲ್ಪ ಪಾಲುಂಟೆಂದು ನನ್ನ ನಂಬಿಕೆ.

ಮೊದಲು ಕಥೆಯನ್ನು ಹೇಳಬೇಕು. ನ್ಯೂಯಾರ್ಕ್ ನಗರದ ಬ್ರೂಕ್‌ಲಿನ್ ಭಾಗದಲ್ಲಿ ಒಂದು ಪ್ರೌಢಶಾಲೆ. ಅಲ್ಲಿ ಯಾವ ಉಪಾಧ್ಯಾಯರ ಮಾತಿಗೂ ಬಗ್ಗದ, ಯಾವ ಪರೀಕ್ಷೆಯಲ್ಲಿಯೂ ತೇರ್ಗಡೆಯಾಗದ ಹುಡುಗರನ್ನೆಲ್ಲ ಒಂದುಗೂಡಿಸಿ ಬೇರೆಯೇ ಒಂದು ತರಗತಿಯಲ್ಲಿ ಕೂರಿಸಿದ್ದಾರೆ. ‘ಸ್ವೆಟ್‌ಹಾಗ್ಸ್’ ಎಂಬುದು ಅವರಿಗೆ ಬಿದ್ದ ಹೆಸರು. ಬೆವರುವ ಹಂದಿಗಳು ಎಂದು ಅರ್ಥ. ಈ ತರಗತಿಗೆ ಗೇಬ್ ಕಾಟರ್ ಎಂಬ ಹೊಸ ಮೇಷ್ಟರು ಬರುತ್ತಾರೆ. ಹೊಸಬರೆಂದೆನಲ್ಲ, ಅದು ಅರ್ಧ ಸತ್ಯ. ಆತ ಓದಿದ್ದೂ ಅದೇ ಶಾಲೆಯಲ್ಲಿ, ಕೂತಿದ್ದೂ ಅದೇ ಬಗೆಯ ಹುಡುಗರ ನಡುವೆ. ಆಗ ಆತನನ್ನು ಕಂಡು ಹಲ್ಲು ಕಡಿಯುತ್ತಿದ್ದ ಉಪಾಧ್ಯಾಯರೊಬ್ಬರು ಈಗ ಉಪಪ್ರಾಚಾರ್ಯರಾಗಿ ಕುಳಿತಿದ್ದಾರೆ. ಈ ಹುಡುಗ ಉದ್ಧಾರವಾದನೆಂದು ನಂಬಲು ಅವರಿಗೆ ಇನ್ನೂ ಮನಸ್ಸಿಲ್ಲ.

ಕಾಟರನ ಪಾತ್ರವನ್ನು ವಹಿಸಿದ ಗೇಬ್ ಕ್ಯಾಪ್ಲನ್ ವೃತ್ತಿಯಿಂದ ವಿದೂಷಕ. ವೇದಿಕೆಯ ಮೇಲೆ ಒಬ್ಬನೇ ನಿಂತು ನಗಿಸುವವನು. ಆತ ಓದಿದ್ದು ಬ್ರೂಕ್‌ಲಿನ್ನಿನ ನ್ಯೂ ಯುಟ್ರೆಕ್ಟ್ ಎಂಬ ಪ್ರೌಢಶಾಲೆಯಲ್ಲಿ. ಅಲ್ಲಿನ ಸಹಪಾಠಿಗಳ ಕೀಟಲೆಯನ್ನೇ ಬಂಡವಾಳ ಮಾಡಿಕೊಂಡು ಹೇಳುತ್ತಿದ್ದ ನಗೆಮಾತುಗಳಿಂದ ಈ ಧಾರಾವಾಹಿ ಬೆಳೆಯಿತು. ಆಲನ್ ಸ್ಯಾಕ್ಸ್ ಎಂಬ ನಿರ್ಮಾಪಕ ಆತನೊಡನೆ ಸೇರಿ ಅದಕ್ಕೆ ರೂಪ ಕೊಟ್ಟ. ಶೀರ್ಷಿಕೆ ಗೀತೆ ಕೇಳಿಬರುವಾಗ ತೆರೆಯ ಮೇಲೆ ಕಾಣುವ ಶಾಲೆಯ ಕಟ್ಟಡವೂ ನ್ಯೂ ಯುಟ್ರೆಕ್ಟ್ ಶಾಲೆಯದೇ. ಬ್ರೂಕ್‌ಲಿನ್ ಅಮೆರಿಕದ ನಾಲ್ಕನೆಯ ದೊಡ್ಡ ನಗರವೆಂದು ಸಾರುವ ಸ್ವಾಗತ ಫಲಕವೊಂದು ಅದಕ್ಕೆ ಮೊದಲು ಸುಳಿಯುತ್ತದೆ. ವಾಸ್ತವದಲ್ಲಿ ಬ್ರೂಕ್‌ಲಿನ್ ಪ್ರತ್ಯೇಕ ನಗರವಾಗಿ ಉಳಿಯದೆ ನ್ಯೂಯಾರ್ಕಿನೊಳಗೆ ಸೇರಿಹೋಗಿ ಆಗಲೇ ಮುಕ್ಕಾಲು ಶತಮಾನ ಕಳೆದಿತ್ತು. ಆದರೂ ಅದರ ಅಭಿಮಾನ ಕುಂದಿರಲಿಲ್ಲ. ಇಂಥ ಊರಿನವನಿಗೆ ಊರೆಂದರೆ ಎಷ್ಟು ಪ್ರೀತಿಯೋ ಅಷ್ಟೇ ತಮಾಷೆ.

ನಗುವಿನ ಹಿಂದಿದ್ದ ಕಾಲ ಮಾತ್ರ ನಗುವಂಥದಾಗಿರಲಿಲ್ಲ. ಧಾರಾವಾಹಿ ಮೊದಲು ಪ್ರಸಾರವಾದದ್ದು ೧೯೭೫ರ ಸೆಪ್ಟೆಂಬರ್ ೯ರಂದು. ಆ ವರ್ಷ ನ್ಯೂಯಾರ್ಕ್ ನಗರದ ಬೊಕ್ಕಸ ಬರಿದಾಗಿ ದಿವಾಳಿಯ ಅಂಚಿಗೆ ಬಂದಿತ್ತು. ಸಾವಿರಾರು ಮಂದಿ ಉಪಾಧ್ಯಾಯರನ್ನು ಕೆಲಸದಿಂದ ಬಿಡಿಸಿದ್ದರು. ಉಳಿದವರು ಅದೇ ಸೆಪ್ಟೆಂಬರಿನಲ್ಲಿ ಮುಷ್ಕರ ಹೂಡಿದ್ದರು. ಬೋಸ್ಟನ್ ನಗರದಲ್ಲಿ ಕರಿಯ ಮತ್ತು ಬಿಳಿಯ ಮಕ್ಕಳನ್ನು ಬಸ್ಸುಗಳಲ್ಲಿ ಸಾಗಿಸಿ ಒಂದೇ ಶಾಲೆಗೆ ಸೇರಿಸುವ ನ್ಯಾಯಾಲಯದ ಆಜ್ಞೆಯಿಂದ ದೊಂಬಿಯೆದ್ದಿತ್ತು. ಕಾಟರನ ತರಗತಿಯಲ್ಲಿಯೋ ಇಟಲಿ ಮೂಲದವನು, ಕರಿಯ, ಯಹೂದ್ಯ, ಪೋರ್ಟೊ ರಿಕೊ ದ್ವೀಪದ ಕುಲದವನು ಎಲ್ಲರೂ ಒಟ್ಟಿಗೆ ಕೂತು ಒಟ್ಟಿಗೆ ತುಂಟತನ ಮಾಡುತ್ತಾರೆ. ಇದನ್ನು ನೋಡಿ ತಮ್ಮೂರಿನ ಮಕ್ಕಳು ಇನ್ನಷ್ಟು ಕೆಟ್ಟಾರೆಂದು ಹೆದರಿ, ಬೋಸ್ಟನ್ನಿನ ಸ್ಥಳೀಯ ಕೇಂದ್ರ ಮೊದಮೊದಲು ಈ ಧಾರಾವಾಹಿಯನ್ನು ಪ್ರಸಾರ ಮಾಡಲೇ ಇಲ್ಲ. ನಿಜವಾದ ಮೇಷ್ಟರುಗಳನ್ನು ಮನೆಗೆ ಕಳುಹಿಸುತ್ತಿದ್ದ ಊರಿನಲ್ಲಿ ಕಲ್ಪನೆಯ ಮೇಷ್ಟರೊಬ್ಬನನ್ನು ಹಾಡಿ ಬರಮಾಡಿಕೊಳ್ಳುತ್ತಿದ್ದರೆಂಬುದನ್ನು ಮರೆತರೆ ಹಾಡಿನ ಅರ್ಧ ಅರ್ಥವೇ ಹೋಯಿತು.

ಇನ್ನು ಹಾಡುಗಾರ. ಜಾನ್ ಸೆಬಾಸ್ಟಿಯನ್ ಹುಟ್ಟಿದ್ದು ೧೯೪೪ರಲ್ಲಿ, ನ್ಯೂಯಾರ್ಕಿನಲ್ಲಿಯೇ. ತಂದೆಯ ಹೆಸರೂ ಜಾನ್ ಸೆಬಾಸ್ಟಿಯನ್. ಬಾಯಿಯ ಹಾರ್ಮೋನಿಕದಲ್ಲಿ ಶಾಸ್ತ್ರೀಯ ಸಂಗೀತ ನುಡಿಸಿ ಹೆಸರು ಪಡೆದವರು. ಮಗನಿಗೆ ಆ ವಾದ್ಯ ಪಿತ್ರಾರ್ಜಿತ. ೧೯೬೫ರಲ್ಲಿ ಆತ ‘ಲವಿನ್ ಸ್ಪೂನ್‌ಫುಲ್’ ಎಂಬ ಮೇಳವನ್ನು ಕಟ್ಟಿದವರಲ್ಲೊಬ್ಬ. ೧೯೬೬ರ ಬೇಸಗೆಯಲ್ಲಿ ಆ ಮೇಳದ ‘ಸಮ್ಮರ್ ಇನ್ ದ ಸಿಟಿ’ ಎಂಬ ಹಾಡು ಪಟ್ಟಿಯ ತುದಿಗೇರಿತು. ೧೯೬೮ರಲ್ಲಿ ಮೇಳವನ್ನು ತೊರೆದ. ಮರುವರ್ಷ ವುಡ್‌ಸ್ಟಾಕ್ ಸಂಗೀತೋತ್ಸವದ ಜನಸಾಗರದ ಮುಂದೆ ಒಬ್ಬನೇ ನಿಂತು ಹಾಡಿದ. ಅನಂತರ ಆತನ ಹೆಸರು ಮೆಲ್ಲಗೆ ಮಸುಕಾಯಿತು. ರೇಡಿಯೋ ಕೇಳುವ ಹುಡುಗರಿಗೆ ಆತ ಅಣ್ಣಂದಿರ ಕಾಲದವನಾದ. ಸ್ಯಾಕ್ಸನಿಗೆ ಬೇಕಾಗಿದ್ದುದು ಆ ಹಳೆಯ ಮೇಳದ ಧಾಟಿಯೇ. ಆದುದರಿಂದ ಆ ಮೇಳದ ಮನುಷ್ಯನನ್ನೇ ಹಿಡಿದು ಕಥೆಯ ಸಾರಾಂಶವನ್ನು ಆತನ ಕೈಗಿತ್ತ. ಹಳೆಯ ಜಾಗಕ್ಕೆ ಮರಳುವ ಮೇಷ್ಟರ ಹಾಡನ್ನು ಬರೆಯಲು ಹಳೆಯ ಜಾಗವನ್ನು ಕಳೆದುಕೊಂಡ ಗಾಯಕ ಕುಳಿತ.

ಇಲ್ಲಿ ಬಂದಿತು ಪ್ರಾಸವೆಂಬ ತ್ರಾಸ. ಧಾರಾವಾಹಿಗೆ ಆಗ ಇಟ್ಟಿದ್ದ ಹೆಸರು ಬರಿಯ ‘ಕಾಟರ್’. ಇಂಗ್ಲಿಷ್ ಹಾಡಿಗೆ ಪ್ರಾಸ ಬೇಕಾದದ್ದು ಪಂಕ್ತಿಯ ಕೊನೆಯಲ್ಲಿ. ಶೀರ್ಷಿಕೆ ಗೀತೆ ಎಂದ ಮೇಲೆ ನಾಯಕನ ಹೆಸರು ಒಂದಾದರೂ ಪಂಕ್ತಿಯ ಕೊನೆಗೆ ಬಂದು ಕಿವಿಯಲ್ಲಿ ನಿಲ್ಲಬೇಡವೆ? ಆದರೆ ಕಾಟರ್ ಎಂಬುದಕ್ಕೆ ಒಪ್ಪುವ ಪದವಾವುದು? ನೀರುನಾಯಿಗೆ ಇಂಗ್ಲಿಷಿನಲ್ಲಿ ಇರುವ ಹೆಸರು ಸರಿಯಾಗಿ ಕೂಡುತ್ತದೆ; ಉಚ್ಚಾರಣೆಯನ್ನು ತುಸು ಸಡಿಲಿಸಿದರೆ ನೀರು, ಮಗಳು ಎಂಬರ್ಥದ ಪದಗಳೂ ಹತ್ತಿರ ಬರುತ್ತವೆ. ಮೇಷ್ಟರನ್ನು ಸ್ವಾಗತಿಸುವ ಹಾಡಿನಲ್ಲಿ ನೀರುನಾಯಿಗೇನು ಕೆಲಸ? ಒಪ್ಪುವ ಪ್ರಾಸಪದ ಸಿಕ್ಕದೆ ತಾನು ಹೆಸರನ್ನು ಕೈಬಿಟ್ಟು, ಕಥೆಯ ಒಳಗಿನ ಭಾವವನ್ನೇ ಹಿಡಿದು ಬರೆದೆನೆಂದು ಸೆಬಾಸ್ಟಿಯನ್ ಮುಂದೆ ಹೇಳಿಕೊಂಡಿದ್ದಾನೆ.

ನಮ್ಮವರಿಗೆ ಈ ಕಷ್ಟ ಅಪರಿಚಿತವಲ್ಲ. ಕನ್ನಡದ ಪ್ರಾಚೀನ ಕವಿಗಳಿಗೆ ಪ್ರಾಸ ಪಾದದ ಎರಡನೆಯ ಅಕ್ಷರದಲ್ಲಿ ಬರಬೇಕಾಗಿತ್ತು. ಸಾವಿರ ವರ್ಷ ಅದು ತಪ್ಪಿಸಲಾಗದ ನಿಯಮ. ಎಂಥ ಮಹಾಕವಿಯಲ್ಲಿಯೂ ಪ್ರಾಸದ ಹೊಟ್ಟೆ ತುಂಬಿಸಲೆಂದೇ ಒಳಗೆ ಬಂದು ಕುಳಿತ ಪದ ಒಂದೆರಡಾದರೂ ಸಿಕ್ಕೀತು. ಕಳೆದ ಶತಮಾನದ ಮೊದಲ ಭಾಗದಲ್ಲಿ ಮಂಜೇಶ್ವರದ ಗೋವಿಂದ ಪೈಗಳು ಆ ಕಟ್ಟನ್ನು ಬಿಚ್ಚಿದಾಗ ಸಂಪ್ರದಾಯಸ್ಥರು ಹುಬ್ಬು ಗಂಟಿಕ್ಕಿದರು. ಪೈಗಳು ಬಿಟ್ಟದ್ದು ಪ್ರಾಸವನ್ನು. ಸೆಬಾಸ್ಟಿಯನ್ ಪ್ರಾಸವನ್ನು ಇಟ್ಟುಕೊಂಡು ಹೆಸರನ್ನು ಬಿಟ್ಟ. ಎರಡರಲ್ಲಿ ಯಾವುದು ದೊಡ್ಡ ಸಾಹಸವೆಂದು ತೂಗಿ ನೋಡುವುದು ಅನುಚಿತ. ಆದರೆ ಒಂದು ಮಾತನ್ನು ನಿಶ್ಚಯವಾಗಿ ಹೇಳಬಹುದು: ಪ್ರಾಸ ಕೆಲವು ವೇಳೆ ಕವಿಯ ಕೈಯಿಂದ ಬೇಡದ ಮಾತನ್ನು ಬರೆಯಿಸುವಂತೆಯೇ, ಕೆಲವು ವೇಳೆ ಬೇಡದ ಮಾತನ್ನು ಬರೆಯದಂತೆ ತಡೆಯುವುದೂ ಉಂಟು.

ಹಾಡನ್ನು ಕೇಳಿದ ನಿರ್ಮಾಪಕರು ಮಾಡಿದ್ದೇನೆಂದರೆ, ಹಾಡಿಗೆ ಹೆಸರನ್ನು ಸೇರಿಸುವ ಬದಲು ಹೆಸರಿಗೆ ಹಾಡನ್ನು ಸೇರಿಸಿದರು. ‘ಕಾಟರ್’ ಎಂದಿದ್ದುದು ‘ವೆಲ್‌ಕಮ್ ಬ್ಯಾಕ್, ಕಾಟರ್’ ಎಂದಾಯಿತು. ಹಾಡಿಗೆ ತಕ್ಕಂತೆ ತನ್ನ ಹೆಸರನ್ನೇ ತಿದ್ದಿಕೊಂಡ ಕಥೆಗಳು ಬಹಳವಿರಲಾರವು. ವಚನಗಳಿಗೂ ದಾಸರ ಪದಗಳಿಗೂ ಅಂಕಿತವೆಂಬುದೊಂದುಂಟಷ್ಟೆ. ಕೂಡಲಸಂಗಮದೇವ ಎಂದು ಕೇಳಿದೊಡನೆ ಬಸವಣ್ಣನವರು, ಪುರಂದರವಿಠಲ ಎಂದೊಡನೆ ಪುರಂದರದಾಸರು. ಅಂಕಿತ ಹಾಡನ್ನು ಅದರ ಒಡೆಯನಿಗೆ ಕಟ್ಟಿಹಾಕುತ್ತದೆ. ಅಲ್ಲಿ ಹಾಗೆ ಕಟ್ಟಿಹಾಕುವುದೇ ಭಕ್ತಿ. ದೂರದರ್ಶನದ ಶೀರ್ಷಿಕೆ ಗೀತೆಗಳಲ್ಲಿಯೂ ಧಾರಾವಾಹಿಯ ಹೆಸರೆಂಬುದು ಒಂದು ಬಗೆಯ ಅಂಕಿತ. ಭಕ್ತಿಯ ಜಾಗದಲ್ಲಿ ವ್ಯಾಪಾರ, ಅಷ್ಟೇ ವ್ಯತ್ಯಾಸ. ಅದು ಇಲ್ಲದ್ದರಿಂದ ಈ ಹಾಡಿನ ಹಗ್ಗ ಸಡಿಲವಾಗಿಯೇ ಉಳಿಯಿತು.

ಧಾರಾವಾಹಿ ಜನಪ್ರಿಯವಾಗುತ್ತಿದ್ದಂತೆ ರೇಡಿಯೋ ಕೇಂದ್ರಗಳಿಗೆ ಹಾಡು ಬೇಕಾಯಿತು. ಸೆಬಾಸ್ಟಿಯನ್ನನು ಇನ್ನೊಂದು ಚರಣವನ್ನು ಕೂಡಿಸಿ, ನಡುವೆ ತನ್ನ ಹಾರ್ಮೋನಿಕವನ್ನು ಹರಿಯಬಿಟ್ಟು, ಮೂರು ನಿಮಿಷಕ್ಕೆ ಒಳಗಾದ ಪೂರ್ಣ ಗೀತೆಯನ್ನು ಧ್ವನಿಮುದ್ರಿಸಿದ. ತಟ್ಟೆಯ ಮೊದಲ ಮುದ್ರಣಗಳಲ್ಲಿ ಕೆಲವಕ್ಕೆ ‘ವೆಲ್‌ಕಮ್ ಬ್ಯಾಕ್ ಕಾಟರ್’ ಎಂದೇ ಚೀಟಿ ಅಂಟಿಸಿದ್ದರು. ಅಂಗಡಿಯಲ್ಲಿ ಕೇಳುವವನಿಗೆ ಗುರುತು ಸಿಕ್ಕಬೇಡವೆ! ಹೀಗೆ ಹಾಡಿನೊಳಗೆ ಪ್ರವೇಶ ದೊರೆಯದ ಕಾಟರ್ ಮಹಾಶಯ ಹೊದಿಕೆಯ ಮೇಲಾದರೂ ಸ್ವಲ್ಪ ಕಾಲ ಕುಳಿತಿದ್ದ. ಪಟ್ಟಿಯ ತುದಿಯಲ್ಲಿ ಹಾಡು ನಿಂತದ್ದು ಒಂದೇ ವಾರ. ‘ಸಮ್ಮರ್ ಇನ್ ದ ಸಿಟಿ’ಯಿಂದ ಅಲ್ಲಿಗೆ ಹತ್ತಿರ ಹತ್ತಿರ ಹತ್ತು ವರ್ಷ. ಸ್ವಾಗತ ಸಂದದ್ದು ಮೇಷ್ಟರಿಗೆ ಮಾತ್ರವಲ್ಲ.

ಹೆಸರಿಲ್ಲದ್ದೇ ಗೆಲುವಿಗೆ ಕಾರಣವೆಂದರೆ ತಿಳಿದವರು ಒಡನೆಯೆ ‘ಡೇವಿ ಕ್ರಾಕೆಟ್’ ಲಾವಣಿಯನ್ನು ಮುಂದಿಡುತ್ತಾರೆ. ೧೯೫೫ರಲ್ಲಿ ಡಿಸ್ನಿಯವರ ದೂರದರ್ಶನ ಮಾಲೆಯಿಂದ ಹೊರಟು ಅಮೆರಿಕವನ್ನೆಲ್ಲ ತುಂಬಿದ ಹಾಡದು. ಹೆಸರು ಅದರ ಉದ್ದಕ್ಕೂ ಮೊಳಗುತ್ತದೆ. ಆದರೆ ಕ್ರಾಕೆಟ್ ಜನರ ಬಾಯಲ್ಲಿ ಮೊದಲೇ ನೆಲೆನಿಂತ ವೀರ, ಟೆಕ್ಸಸ್ಸಿನ ಅಲಮೊ ಕೋಟೆಯಲ್ಲಿ ೧೮೩೬ರಲ್ಲಿ ಮಡಿದವನು. ವೀರನ ಲಾವಣಿಗೆ ವೀರನ ಹೆಸರೇ ಜೀವ. ಸಂಗೊಳ್ಳಿ ರಾಯಣ್ಣನ ಹೆಸರನ್ನು ತೆಗೆದು ರಾಯಣ್ಣನ ಲಾವಣಿ ಹಾಡುವವರುಂಟೆ? ಕಾಟರನೋ ಯಾವ ಕೋಟೆಯನ್ನೂ ಕಾಯದ, ಹಾಜರಿ ಕರೆಯುವ ಸಾಮಾನ್ಯ ಮನುಷ್ಯ. ಇನ್ನು ಮಾತೇ ಇಲ್ಲದ ಬರಿಯ ವಾದ್ಯದ ಮಟ್ಟುಗಳಿವೆ. ೧೯೭೬ರ ಫೆಬ್ರವರಿಯಲ್ಲಿ, ಅಂದರೆ ನಮ್ಮ ಹಾಡಿಗೆ ತುಸು ಮೊದಲು, ‘ಸ್ವಾಟ್’ ಎಂಬ ಪೊಲೀಸ್ ಧಾರಾವಾಹಿಯ ಮಟ್ಟು ಪಟ್ಟಿಯ ತುದಿ ಮುಟ್ಟಿತ್ತು. ನಮ್ಮಲ್ಲಿಯೇ, ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರಿಸಿದ ‘ಮಾಲ್ಗುಡಿ ಡೇಸ್’ಗೆ ಎಲ್. ವೈದ್ಯನಾಥನ್ ಕೂಡಿಸಿಕೊಟ್ಟ ಮಟ್ಟನ್ನು ಗುನುಗದವರಾರು? ಅವುಗಳ ಮಾತು ಬೇರೆ. ಮಾತಿಲ್ಲದ್ದಕ್ಕೆ ಎಲ್ಲಿ ಬೇಕಾದರೂ ಹೋಗಲು ಅಪ್ಪಣೆಯುಂಟು.

ಸರಿಯಾದ ಹೋಲಿಕೆ ಇಪ್ಪತ್ತು ವರ್ಷದ ಅನಂತರ ಬಂದಿತು. ೧೯೯೪ರಲ್ಲಿ ಆರಂಭವಾದ ‘ಫ್ರೆಂಡ್ಸ್’ ಧಾರಾವಾಹಿಗೆ ‘ರೆಂಬ್ರಾಂಟ್ಸ್’ ಎಂಬ ಜೋಡಿ ಹಾಡಿದ ಗೀತೆಯಲ್ಲಿಯೂ ಪಾತ್ರಗಳ ಹೆಸರುಗಳಿಲ್ಲ. ಅದೂ ಒಂದು ನಿಮಿಷಕ್ಕಿಂತ ಕಡಮೆಯದಾಗಿತ್ತು. ನ್ಯಾಶ್‌ವಿಲ್ ನಗರದ ರೇಡಿಯೋ ಕೇಂದ್ರವೊಂದರಲ್ಲಿ ಆ ತುಣುಕನ್ನೇ ಮತ್ತೆ ಮತ್ತೆ ಜೋಡಿಸಿ ಪೂರ್ಣ ಹಾಡಿನಷ್ಟು ಉದ್ದ ಮಾಡಿ ಕೇಳಿಸಿದರು, ಜನ ಮುಗಿಬಿದ್ದರು, ಕೊನೆಗೆ ಗಾಯಕರು ಹಾಡನ್ನು ಬೆಳೆಸಿ ಹಾಡಲೇಬೇಕಾಯಿತು. ಅದು ಸ್ನೇಹವನ್ನು ಕುರಿತ ಹಾಡು, ಇಂಪಾಗಿಯೂ ಇದೆ. ಆದರೆ ಸ್ನೇಹದ ಹಾಡುಗಳಿಗೆ ಲೋಕದಲ್ಲಿ ಬರವಿಲ್ಲ. ನನಗೆ ಹಿಡಿಸಿದ್ದು ಮೇಷ್ಟರ ಹಾಡೇ.

ಹಿಡಿಸಲು ಸ್ವಂತದ ಕಾರಣವೂ ಒಂದಿದೆ. ಕೆಲವು ವರ್ಷಗಳ ಕೆಳಗೆ, ನಾನು ಪದವಿಗೆ ಓದಿದ ಕಾಲೇಜಿಗೇ ವರ್ಗವಾಗಿ ಬಂದೆ. ನ್ಯೂ ಜೆರ್ಸಿಯಲ್ಲಿ ನೆಲೆಸಿರುವ ಹಳೆಯ ಸಹಪಾಠಿಯೊಬ್ಬ ಸುದ್ದಿ ತಿಳಿದು, ಒಂದು ಮಾತನ್ನೂ ಬರೆಯದೆ ಈ ಹಾಡೊಂದನ್ನೇ ಕಳುಹಿಸಿದ. ನನಗೆ ಛಂದಸ್ಸು ಕಲಿಸಿದ ಗುರುಗಳಲ್ಲಿ ಒಬ್ಬರು ಆಗ ಇನ್ನೂ ಸೇವೆಯಲ್ಲಿದ್ದರು. ಅವರ ಎದುರಿನ ಕುರ್ಚಿಯಲ್ಲಿ ಕೂರಲು ನನಗೆ ಹದಿನೈದು ದಿನ ಬೇಕಾಯಿತು. ಅದಕ್ಕಿಂತ ದೊಡ್ಡ ಸಂಕಟ ಕಾಲೇಜಿನ ಹಳೆಯ ಜವಾನರದು. ನಾನು ವಿದ್ಯಾರ್ಥಿಯಾಗಿದ್ದಾಗ ಗಂಟೆ ಹೊಡೆದ ಮೇಲೂ ಜಗಲಿಯಲ್ಲಿ ನಿಂತಿರುತ್ತಿದ್ದ ನನ್ನನ್ನು ‘ಏನೋ, ಒಳಗೆ ಹೋಗೋದಿಲ್ವೇನೋ’ ಎಂದು ಗದರಿಸಿದವರು ಅವರು. ಈಗ ಏಕವಚನ ಬಾಯಿಗೆ ಬರುವುದಿಲ್ಲ, ಬಹುವಚನ ಮನಸ್ಸಿಗೆ ಬರುವುದಿಲ್ಲ. ಕೊನೆಗೆ ಅವರು ಒಂದು ಉಪಾಯ ಕಂಡುಕೊಂಡರು. ಪುಸ್ತಕ ತಂದು ಮುಂದಿಟ್ಟು, ಗೋಡೆಯ ಕಡೆ ನೋಡುತ್ತ, ‘ಸಹಿ ಆಗಬೇಕಿತ್ತು’ ಎನ್ನುವರು. ಕರ್ತೃವಿಲ್ಲ, ವಚನವಿಲ್ಲ, ಯಾರಿಗೂ ನೋವಿಲ್ಲ. ಕರ್ಮಣಿ ಪ್ರಯೋಗ ಕನ್ನಡದ ಜಾಯಮಾನಕ್ಕೆ ಒಗ್ಗದೆಂದು ನಾನು ತರಗತಿಯಲ್ಲಿ ಹೇಳುವುದುಂಟು. ಭಾವೇ ಪ್ರಯೋಗಕ್ಕೆ ಹತ್ತಿರದ ಈ ಮಾತು ಎಷ್ಟು ಚೆನ್ನಾಗಿ ಒಗ್ಗುತ್ತದೆಂಬುದನ್ನು ಜವಾನರಿಂದ ಕಲಿತೆ.

ಇಂಗ್ಲಿಷಿಗೆ ಈ ತೊಡಕಿಲ್ಲ. ಚಿಕ್ಕವನಿಗೂ ದೊಡ್ಡವನಿಗೂ ಅದರಲ್ಲಿ ಒಂದೇ ಸರ್ವನಾಮ. ಹಾಗಿದ್ದರೂ ಸೆಬಾಸ್ಟಿಯನ್ನನ ಹಾಡು ಜವಾನರ ಸಮಸ್ಯೆಯನ್ನು ಅರಿತಂತೆಯೇ ಇದೆ. ಮರಳಿ ಬಂದವನಿಗೆ ಅಲ್ಲಿ ಹಾರವಿಲ್ಲ, ಹೊಗಳಿಕೆಯಿಲ್ಲ. ನೀನು ಇಲ್ಲಿಂದ ಪಾರಾಗಲು ಕಂಡ ಕನಸೇ ನಿನ್ನನ್ನು ಸುತ್ತಿಸಿ ಇಲ್ಲಿಗೇ ತಂದು ಬಿಟ್ಟಿತಲ್ಲ ಎಂಬ ಕೊಂಕು ಇದೆ. ಕೈಗೆ ಸಿಕ್ಕಿದ್ದಾನೆ, ಕಾಡಿಸೋಣ ಎಂಬ ಸಲಿಗೆ ಇದೆ. ಆ ಸಲಿಗೆಯ ನಡುವೆ, ಇಲ್ಲಿ ನಿನ್ನ ಅಗತ್ಯವಿದೆ ಎಂಬ ಅರ್ಥದ ಮಾತು ಸದ್ದಿಲ್ಲದೆ ಬಂದು ಹೋಗುತ್ತದೆ. ಹೇಳುತ್ತಿರುವವರು ಯಾರು? ತರಗತಿಯ ಹುಡುಗರೇ, ಹಳೆಯ ಗೆಳೆಯರೇ, ಊರೇ? ಹಾಡು ತಿಳಿಸುವುದಿಲ್ಲ. ‘ನಾವು’ ಎನ್ನುತ್ತದೆ, ಅಷ್ಟೆ. ರೇಡಿಯೋಗಾಗಿ ಕೂಡಿಸಿದ ಚರಣ ಮೊದಲಿನದರಷ್ಟು ಗಟ್ಟಿಯಲ್ಲವೆಂಬ ಅಭಿಪ್ರಾಯವನ್ನು ಕೇಳಿದ್ದೇನೆ. ನಾನು ಅದನ್ನು ಒಪ್ಪಲಾರೆ. ನಿನ್ನನ್ನು ಮತ್ತೆ ಇಲ್ಲಿಗೆ ಎಳೆತಂದದ್ದೇನು ಎಂಬ ಪ್ರಶ್ನೆ ಬರುವುದು ಅಲ್ಲಿಯೇ. ಹಾಡು ಅದನ್ನು ಕೇಳಿ ಸುಮ್ಮನಾಗುತ್ತದೆ, ಉತ್ತರಿಸುವುದಿಲ್ಲ. ಉತ್ತರ ಹೇಳಿದ್ದರೆ ಅದು ಮತ್ತೆ ಕಾಟರನ ಕಥೆಯಾಗುತ್ತಿತ್ತು.

ಕಾಟರನ ಕಥೆಯಾದರೋ ಬೇಗನೆ ಮುಪ್ಪಾಯಿತು. ವಿನ್ನಿ ಬಾರ್ಬರೀನೊ ಎಂಬ ಹುಡುಗನ ಪಾತ್ರ ಮಾಡುತ್ತಿದ್ದ ಜಾನ್ ಟ್ರವೋಲ್ಟ ೧೯೭೭ರ ‘ಸ್ಯಾಟರ್‌ಡೇ ನೈಟ್ ಫೀವರ್’ ಚಲನಚಿತ್ರದಿಂದ ಲೋಕವಿಖ್ಯಾತನಾಗಿ, ತರಗತಿಗೆ ಅತಿಥಿಯಂತೆ ಬಂದು ಹೋಗತೊಡಗಿದ. ನಾಲ್ಕನೆಯ ವರ್ಷ ಮೇಷ್ಟರಾದ ಕ್ಯಾಪ್ಲನ್ನನೇ ಅನೇಕ ಕಂತುಗಳಲ್ಲಿ ಕಾಣಲಿಲ್ಲ. ಮರಳಿ ಬಂದವನೆಂಬ ಹೆಸರು ಹೊತ್ತ ಧಾರಾವಾಹಿಯಲ್ಲಿ ಬಂದವನೇ ಇಲ್ಲ! ವಾರವಾರವೂ ಹಾಡು ಮಾತ್ರ ಖಾಲಿ ಕುರ್ಚಿಯನ್ನು ಎಂದಿನ ಅಕ್ಕರೆಯಿಂದ ಸ್ವಾಗತಿಸುತ್ತಲೇ ಇತ್ತು. ೧೯೭೯ರಲ್ಲಿ ಶಾಲೆ ಮುಚ್ಚಿತು. ಸೆಬಾಸ್ಟಿಯನ್ನನಿಗೂ ಆ ಎತ್ತರ ಮತ್ತೆ ಲಭಿಸಲಿಲ್ಲ.

ಹಾಡು ಬೇರೊಬ್ಬನ ಬಾಯಿಗೆ ಹೋದ ಬಗೆಯನ್ನು ಹೇಳಿ ಮುಗಿಸುತ್ತೇನೆ. ನ್ಯೂಯಾರ್ಕಿನ ಹಾರ್ಲೆಮ್ ಭಾಗದಲ್ಲಿ ಬೆಳೆದ ಮೇಸ್ ಎಂಬ ರ್‍ಯಾಪ್ ಗಾಯಕ ೧೯೯೯ರಲ್ಲಿ, ಕೀರ್ತಿ ಇನ್ನೂ ಏರುತ್ತಿದ್ದಾಗಲೇ, ಹಾಡುವುದನ್ನು ಬಿಟ್ಟು ಕ್ರೈಸ್ತ ಧರ್ಮಬೋಧಕನಾದ. ಐದು ವರ್ಷ ಕಳೆದು ೨೦೦೪ರಲ್ಲಿ ಆತ ಹಾಡುಗಾರಿಕೆಗೆ ಮರಳಿದ. ಹೇಗೆ ಮರಳಬೇಕು, ಜನರ ಮುಂದೆ ಏನೆಂದು ನಿಲ್ಲಬೇಕು? ಆತ ಹುಡುಕಿ ತೆಗೆದದ್ದು ಸೆಬಾಸ್ಟಿಯನ್ನನ ಈ ಧ್ವನಿಮುದ್ರಿಕೆಯನ್ನು. ಅದರ ತುಣುಕನ್ನು ತನ್ನ ಹಾಡಿನ ತಳಪಾಯವಾಗಿ ಹಾಕಿಕೊಂಡು, ಹಾಡಿಗೂ ಅದಿದ್ದ ಸಂಪುಟಕ್ಕೂ ‘ವೆಲ್‌ಕಮ್ ಬ್ಯಾಕ್’ ಎಂದೇ ಹೆಸರಿಟ್ಟ. ಅದನ್ನು ಕೇಳಿದ ಹುಡುಗರಲ್ಲಿ ಬಹುಮಂದಿ ಕಾಟರನ ಧಾರಾವಾಹಿ ಮುಗಿದ ಮೇಲೆ ಹುಟ್ಟಿದವರು.